ದೊಡ್ಡವ್ವನ ಕಾಡಿಗೆ ಡಬ್ಬಿ

ನನಗೆ ದೃಷ್ಟಿ ತಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದಾಕೆ ನಮ್ಮ ದೊಡ್ಡವ್ವ, ಮಲ್ಲಟದ ಈರಮ್ಮ. ಗುಟ್ಟಾಗಿ ಹೇಳಿದ್ದಲ್ಲ. ಬಾವಿಗೆ ನೀರಿಗೆ ಬಂದ ಏಳೆಂಟು ಹೆಂಗಸರ ಎದುರಿಗೆ, ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡಿ ಹೇಳಿದ್ದು.

"ಈಕಿಗೆ ಯಾರ ದಿಷ್ಟಿ ಆಗ್ತದ ಬಿಡ್ರಿ. ನನ್ನ ಕಾಡಿಗಿ ಉಳೀತು."

ಹೆಂಗಸರು ನಕ್ಕರು. ನಾನೂ ನಕ್ಕೆ. ಆಗ ನನಗೆ ಆರೋ ಏಳೋ ವರ್ಷ. ದೊಡ್ಡವರು ನಕ್ಕಲ್ಲಿ ನಗಬೇಕು ಎಂಬಷ್ಟು ಬುದ್ಧಿ ಬಂದಿತ್ತು, ಯಾವುದಕ್ಕೆ ನಗುತ್ತಿದ್ದಾರೆ ಎಂದು ತಿಳಿಯುವಷ್ಟು ಬಂದಿರಲಿಲ್ಲ. ಅದು ಬರಲು ಇನ್ನೊಂದು ವರ್ಷ ಹಿಡಿಯಿತು. ಬಂದ ಮೇಲೆ ಮಾತ್ರ ಹೋಗಲಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ, ಮೊನ್ನೆ ಟ್ರಂಕು ತೆಗೆದದ್ದು. ಪಿಂಚಣಿಯ ಕಾಗದಗಳಿಗೆ ಡಿಗ್ರಿ ಸರ್ಟಿಫಿಕೇಟಿನ ಝೆರಾಕ್ಸ್ ಬೇಕಾಗಿತ್ತು. ಸರ್ಟಿಫಿಕೇಟು ಹಳೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇರುತ್ತದೆ. ನಮ್ಮ ಮನೆಯಲ್ಲಿ ಬಂಗಾರ ಇಡುವ ಜಾಗ ಅದು, ಬಂಗಾರ ಇಲ್ಲದ್ದರಿಂದ ಅದಕ್ಕೆ ಸಿಕ್ಕಿದೆ. ಸೀರೆ ಬಿಡಿಸುವಾಗ ಕಾಲ ಮೇಲೆ ಟಣ್ ಎಂದು ಬಿದ್ದದ್ದು ಒಂದು ಹಿತ್ತಾಳೆ ಡಬ್ಬಿ. ಅಡಿಕೆಗಿಂತ ಸ್ವಲ್ಪ ದೊಡ್ಡದು. ಮುಚ್ಚಳ ಸಡಿಲಾಗಿದೆಯೆಂದು ದಾರ ಸುತ್ತಿದೆ. ದೊಡ್ಡವ್ವ ತೀರಿಕೊಂಡ ಮೇಲೆ ಆಕೆಯ ಮಗಳು ಶಾಂತಿ ನನಗೆ ಕೊಟ್ಟ ಆಸ್ತಿ ಇದೊಂದೇ. ತೆರೆದು ನೋಡಿದರೆ ಒಳಗೆ ಕಪ್ಪು ಒಣಗಿ ಬಿರುಕು ಬಿಟ್ಟಿತ್ತು. ಬೆರಳು ಆಡಿಸಿದೆ. ಇಷ್ಟು ವರ್ಷವಾದರೂ ಬೆರಳಿಗೆ ಹತ್ತಿತು. ಝೆರಾಕ್ಸ್ ಅಂಗಡಿ ಮುಚ್ಚುವವರೆಗೆ ನಾನು ಅಲ್ಲೇ ನೆಲದ ಮೇಲೆ ಕುಳಿತಿದ್ದೆ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅಕ್ಕ ತಂಗಿ ಇಬ್ಬರನ್ನೂ ಮಲ್ಲಟಕ್ಕೇ ಕೊಟ್ಟಿದ್ದರು. ಎರಡು ಮನೆಗಳ ನಡುವೆ ಮೊಳಕಾಲುದ್ದದ ಗೋಡೆ. ಆ ಗೋಡೆ ಹಾರದೆ ನಾನು ಉಂಡ ದಿನಗಳು ಕಡಿಮೆ. ನಮ್ಮವ್ವ ಮೆತ್ತಗಿನ ಹೆಂಗಸು. ದೊಡ್ಡವ್ವ ಎರಡು ಮನೆಗೂ ಸಾಕಾಗುವಷ್ಟು ಗಟ್ಟಿ.

ಕಾಡಿಗೆ ಮಾಡುವುದು ಆಕೆಯ ಒಂದು ವ್ರತವೇ ಆಗಿತ್ತು. ಬಿಳಿ ಅರಿವೆಯ ಬತ್ತಿ ಹೊಸೆದು, ಔಡಲ ಎಣ್ಣೆಯ ಪಣತಿಗೆ ಇಟ್ಟು, ಎರಡು ಕಲ್ಲಿನ ಮೇಲೆ ಹಿತ್ತಾಳೆಯ ತಟ್ಟೆಯನ್ನು ಬೋರಲು ಹಾಕುತ್ತಿದ್ದಳು. ಸಂಜೆ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ತಟ್ಟೆಯ ಹೊಟ್ಟೆಗೆ ಮಸಿ ಕಟ್ಟಿರುತ್ತಿತ್ತು. ಅದನ್ನು ಕೆರೆದು, ಒಂದು ಹನಿ ಬೆಣ್ಣೆ ಹಾಕಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಡಬ್ಬಿಗೆ ತುಂಬುತ್ತಿದ್ದಳು. ಕಣ್ಣಿಗೆ ಹಚ್ಚಿಕೊಳ್ಳಲಿಕ್ಕಲ್ಲ. ಆಕೆ ಕಣ್ಣಿಗೆ ಎಂದೂ ಕಾಡಿಗೆ ಹಚ್ಚಿದವಳಲ್ಲ. ಊರಲ್ಲಿ ಚಂದ ಕಂಡದ್ದಕ್ಕೆಲ್ಲ ಒಂದು ಕಪ್ಪು ಬೊಟ್ಟು ಇಟ್ಟು ಬರುವುದಕ್ಕೆ.

ಮೊದಲ ಬೊಟ್ಟು ಶಾಂತಿಗೆ. ಶಾಂತಿ ನನಗಿಂತ ಎರಡು ವರ್ಷ ದೊಡ್ಡವಳು, ಕೆಂಪಗೆ, ದುಂಡಗೆ, ಹೊಸದಾಗಿ ಸಾರಿಸಿದ ಒಲೆಯ ಹಾಗೆ ಲಕ್ಷಣವಾಗಿದ್ದಳು. ದಿನಾ ಬೆಳಿಗ್ಗೆ ಆಕೆಯ ಎಡಗೆನ್ನೆಗೆ ಒಂದು, ಅಂಗಾಲಿಗೆ ಒಂದು. ಆಮೇಲೆ ಕರುವಿನ ಹಣೆಗೆ. ಆಮೇಲೆ ಹೊಸದಾಗಿ ಏನಾದರೂ ಬಂದಿದ್ದರೆ ಅದಕ್ಕೆ. ಕುಂಬಳಕಾಯಿ ಬಳ್ಳಿ ಮಾಡು ಹತ್ತಿ ಕಾಯಿ ಬಿಟ್ಟರೆ, ಎಲ್ಲಕ್ಕಿಂತ ದೊಡ್ಡ ಕಾಯಿಗೆ ಬೊಟ್ಟು ಬೀಳುತ್ತಿತ್ತು. ಒಮ್ಮೆ ನಮ್ಮಪ್ಪ ಕಾಲುವೆ ನೀರಿಗೆ ಭತ್ತದ ಸಸಿಮಡಿ ಮಾಡಿದ್ದ. ಕನ್ನಡಿ ಹಾಸಿದಂತೆ ಮಟ್ಟ ಬಂದಿತ್ತು. ದೊಡ್ಡವ್ವ ಬದುವಿನ ಮೇಲೆ ನಿಂತು ನೋಡಿದಳು. ಒಂದು ಮಾತು ಆಡಲಿಲ್ಲ. ಮನೆಗೆ ಬಂದು ಸವೆದ ಕಸಬರಿಗೆ ಒಂದನ್ನು ಒಯ್ದು ಸಸಿಮಡಿಯ ಮೂಲೆಯಲ್ಲಿ ನೆಟ್ಟು ಬಂದಳು. ಮಸಿ ನೀರಿನಲ್ಲಿ ನಿಲ್ಲುವುದಿಲ್ಲವಲ್ಲ, ಅದಕ್ಕೆ.

ಮಾನ್ವಿಯಿಂದ ಬಳೆ ಮಾರಲು ಬರುವ ಖಾಜಾಸಾಬರು ಒಂದು ದಿನ ಹೊಸ ಸೈಕಲ್ಲಿನಲ್ಲಿ ಬಂದರು. ದೊಡ್ಡವ್ವ ಬಳೆ ಬಿಟ್ಟು ಸೈಕಲ್ಲನ್ನೇ ನೋಡುತ್ತಾ ನಿಂತಳು.

"ಗಾಡಿ ಬಾಳ ಮಿಂಚಾಕತ್ತದಲ್ರೀ ಸಾಬ್."

"ನಿನ್ನಿ ರಾಯಚೂರಿಂದ ತಂದೀನವ್ವ."

"ಹಿಂಗ ಬರೇ ಮೈಲೆ ತಿರುಗಾಡಸಬ್ಯಾಡ್ರಿ ಅದನ್ನ." ಹೀಗೆಂದವಳೇ ಡಬ್ಬಿ ತೆಗೆದು ಹಿಂದಿನ ಮಡ್‌ಗಾರ್ಡಿಗೆ ಒಂದು ಬೊಟ್ಟು ಒತ್ತಿದಳು. ಖಾಜಾಸಾಬರು ಬೇಸರ ಮಾಡಿಕೊಳ್ಳಲಿಲ್ಲ.

"ನಮ್ಮನ್ಯಾಗ ಮುಂಜಾನಿ ಮೆಣಸಿನಕಾಯಿ ಸುಟ್ಟು ನಜರ್ ತಗದಾರ. ಇಲ್ಲಿ ನಿಂದೊಂದಾತು. ಇನ್ನ ಇದನ್ನ ಕದಿಯಾಂವ ಸೈತ ಹೆದರ್ತಾನ ಬಿಡು."

ನಮ್ಮ ಕಡೆಯ ಜನ ಚಂದವನ್ನು ಹೊಗಳುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಮದುವೆಯ ಸೀರೆ ತೋರಿಸಿದರೆ ನಮ್ಮ ಹೆಂಗಸರು ಸೆರಗು ಮುಟ್ಟಿ, ಬೆರಳಲ್ಲಿ ತಿಕ್ಕಿ, "ಹೂಂ, ಅದ" ಅನ್ನುತ್ತಾರೆ. ಅಷ್ಟೇ. ನಮ್ಮಪ್ಪ ಆ ಸಸಿಮಡಿಯ ಬಗ್ಗೆ ಆಡಿದ ಅತಿ ದೊಡ್ಡ ಮಾತು "ಪರವಾಗಿಲ್ಲ". ಹೊರಗಿನವರಿಗೆ ಇದು ಒಣ ಜನ, ಕಣ್ಣಿಲ್ಲದ ಜನ ಎಂದು ತೋರಬಹುದು. ಹಾಗಲ್ಲ. ಕಣ್ಣು ಇದ್ದದ್ದಕ್ಕೇ ಬಾಯಿ ಮುಚ್ಚುತ್ತಿದ್ದರು. ಚಂದ ಎಂದು ಬಾಯಿಬಿಟ್ಟರೆ ಎಲ್ಲೋ ಯಾರೋ ಕೇಳಿಸಿಕೊಳ್ಳುತ್ತಾರೆ, ಬಂದು ಎತ್ತಿಕೊಂಡು ಹೋಗುತ್ತಾರೆ ಎಂಬ ಅಂಜಿಕೆ. ನಾನು ನೌಕರಿಗೆ ಬಂದ ಮೇಲೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ದೊಡ್ಡ ದೊಡ್ಡ ಗುಡಿ, ಶಿಲ್ಪ, ಚಿತ್ರ ಎಲ್ಲ ನೋಡಿದ್ದೇನೆ. ಸುತ್ತ ಜನ ಬಾಯಿ ತೆರೆದು ಹೊಗಳುತ್ತಾ ನಿಂತಿರುತ್ತಾರೆ. ನನ್ನ ಕೈ ಮಾತ್ರ ಸೊಂಟದ ಹತ್ತಿರ ಏನನ್ನೋ ಹುಡುಕುತ್ತಿರುತ್ತದೆ. ದೊಡ್ಡವ್ವ ಡಬ್ಬಿ ಸಿಕ್ಕಿಸಿಕೊಳ್ಳುತ್ತಿದ್ದ ಜಾಗ ಅದು.

ಈಗ ನನ್ನ ವಿಷಯ. ಬಣ್ಣದಲ್ಲಿ ನಾನು ನಮ್ಮಪ್ಪನ ಕಡೆ, ಮೂಗಿನಲ್ಲಿ ನಮ್ಮಜ್ಜನ ಕಡೆ. ಹಲ್ಲು ಯಾರ ಕಡೆಯದೋ ಯಾರೂ ಒಪ್ಪಿಕೊಳ್ಳಲಿಲ್ಲ. ಬಾವಿಯ ಹತ್ತಿರದ ಮಾತು ಅರ್ಥವಾದ ವರ್ಷ, ಒಂದು ಬೆಳಿಗ್ಗೆ ಶಾಂತಿಯ ಹಿಂದೆ ಹೋಗಿ ಕೆನ್ನೆ ಒಡ್ಡಿ ನಿಂತೆ.

"ನಿನಗ್ಯಾಕಬೇ?" ಎಂದಳು ದೊಡ್ಡವ್ವ.

"ಶಾಂತಕ್ಕಗ ಇಟ್ಟಿಯಲ್ಲ."

"ಅಕಿಗೆ ಇಟ್ರ ಕಾಣ್ತದ. ನಿನಗ ಇಟ್ರ ನಾ ದೀಪ ಹಚ್ಚಿ ಹುಡುಕಬೇಕು. ಹೋಗು, ರೊಟ್ಟಿ ತಿನ್ನು."

ಆ ಮಧ್ಯಾಹ್ನ ಆಕೆ ಹೊಲಕ್ಕೆ ಹೋದಾಗ ನಾನು ಗೋಡೆ ಹಾರಿ ಡಬ್ಬಿ ಕದ್ದೆ. ಕನ್ನಡಿ ಇರಲಿಲ್ಲ. ಬೊಟ್ಟು ಇಟ್ಟುಕೊಂಡೆ, ಕಾಣುತ್ತದೋ ಇಲ್ಲವೋ ಎಂದು ಸಂಶಯ ಬಂದು ದೊಡ್ಡದು ಮಾಡಿದೆ, ಇನ್ನೊಂದು ಕೆನ್ನೆಗೂ ಇಟ್ಟೆ. ಬೆಣ್ಣೆ ಬೆರೆಸಿದ ಕಾಡಿಗೆ, ಬಿಸಿಲು ಬೇರೆ, ಇಳಿಯಿತು. ಅಂಗಳಕ್ಕೆ ಬಂದಾಗ ನಮ್ಮಪ್ಪ ಎತ್ತಿನ ಮೈ ತೊಳೆಯುತ್ತಿದ್ದ. ಕೈಯಲ್ಲಿನ ತಂಬಿಗೆ ಬಿಟ್ಟು, "ಯವ್ವಾ, ಒಲಿಯಾಗ ಬಿದ್ದಿದ್ದೇನು?" ಎಂದು ಓಡಿ ಬಂದ. ಎತ್ತಿನ ಸಂಗಡ ನನಗೂ ಸ್ನಾನವಾಯಿತು.

ಮಜಾ ಏನೆಂದರೆ, ಡಬ್ಬಿ ಅರ್ಧ ಖಾಲಿಯಾದದ್ದು ಸಂಜೆ ದೊಡ್ಡವ್ವನಿಗೆ ತಿಳಿಯಿತು. ಬೈಯಲಿಲ್ಲ. ನನ್ನ ಕಿವಿಯ ಹಿಂದೆ ಉಳಿದಿದ್ದ ಮಸಿಯನ್ನು ಸೆರಗಿನಿಂದ ಒರೆಸಿ ಒರೆಸಿ ಒಂದು ಚೂರೂ ಉಳಿಯದಂತೆ ತೆಗೆದಳು. ಆ ಒರೆಸಿದ್ದು ಬೈಗುಳಕ್ಕಿಂತ ಹೆಚ್ಚು ಉರಿಯಿತು ನನಗೆ.

ಇನ್ನು ಹೆಸರು. ನನ್ನ ಹೆಸರು ತಿಪ್ಪಮ್ಮ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗಿಂತ ಮೊದಲು ನಮ್ಮವ್ವನಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಎರಡೂ ಗೊಂಬೆಯ ಹಾಗೆ ಇದ್ದವಂತೆ. ಒಂದರ ಹೆಸರು ರತ್ನ, ಇನ್ನೊಂದರದು ಮಾಣಿಕ್ಯ. ಮೂರನೆಯದಾಗಿ ನಾನು ಹುಟ್ಟಿದ ಕೂಡಲೇ ದೊಡ್ಡವ್ವ ನನ್ನನ್ನು ಮೊರದಲ್ಲಿ ಹಾಕಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು, ತಾನೇ ಸುತ್ತು ಹಾಕಿ ಬಂದು, "ಯಾರದೋ ಕೂಸು, ತಿಪ್ಪ್ಯಾಗ ಬಿದ್ದದ" ಎಂದು ಹೇಳಿ ಎತ್ತಿಕೊಂಡಳಂತೆ. ಬೇಡವಾದದ್ದನ್ನು ಯಾರೂ ಒಯ್ಯುವುದಿಲ್ಲ ಎಂಬ ಲೆಕ್ಕ. ಹೆಸರನ್ನೂ ಆಕೆಯೇ ಇಟ್ಟಳು. ಊರಲ್ಲಿ ತಿಪ್ಪಣ್ಣಗಳು, ತಿಪ್ಪಮ್ಮಗಳು ಬೇಕಾದಷ್ಟಿದ್ದರು, ಯಾರೂ ನಗುತ್ತಿರಲಿಲ್ಲ. ನಗು ಶುರುವಾದದ್ದು ಮಾನ್ವಿಯ ಹೈಸ್ಕೂಲಿನಲ್ಲಿ.

ಹತ್ತನೆಯ ಇಯತ್ತೆಯ ಪರೀಕ್ಷೆಯ ಫಾರ್ಮು ತುಂಬುವಾಗ ನಮ್ಮ ಹೆಡ್ಮಾಸ್ತರರು, ಒಳ್ಳೆಯ ಮನುಷ್ಯ, ನನ್ನನ್ನು ಕರೆದು, "ಹೆಸರು ಬದಲಿ ಮಾಡೂದಿದ್ರ ಇದೇ ಕಡೀ ಅವಕಾಶ ನೋಡವಾ" ಎಂದರು. ಪುಷ್ಪಾವತಿ ಎಂದು ಅವರೇ ಸೂಚಿಸಿದರು. ಪುಷ್ಪಾವತಿ. ಆ ರಾತ್ರಿಯೆಲ್ಲ ನಾನು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಅದನ್ನೇ ಬರೆದೆ. ಅಪ್ಪನ ಸಹಿ ಬೇಕಿತ್ತು, ಊರಿಗೆ ಹೇಳಿ ಕಳಿಸಿದೆ. ಬಂದದ್ದು ಅಪ್ಪ ಅಲ್ಲ. ರೊಟ್ಟಿ ಗಂಟು ಬಗಲಲ್ಲಿಟ್ಟುಕೊಂಡು ದೊಡ್ಡವ್ವ ಹೆಡ್ಮಾಸ್ತರರ ಖೋಲಿಯ ಬಾಗಿಲಲ್ಲಿ ನಿಂತಿದ್ದಳು.

"ಹೆಸರು ಒಂದು ಮುಟ್ಟಬ್ಯಾಡ್ರಿ ಮಾಸ್ತರ್ರ. ಬೇಕಾದ್ರ ಹುಟ್ಟಿದ ತಾರೀಕು ಬದಲಿ ಮಾಡ್ರಿ, ಅದು ನಮಗೂ ಗೊತ್ತಿಲ್ಲ."

"ಹೆಣ್ಣುಹುಡುಗಿ ಅದಾಳವ್ವ. ನಾಳೆ ನಾಕು ಮಂದ್ಯಾಗ ಹೋಗಾಕಿ. ತಿಪ್ಪಿ ಅಂದ್ರ ಹ್ಯಾಂಗ?"

"ನಾಕು ಮಂದ್ಯಾಗ ಹೋಗಾಕಿ ಅಂತನ ಅದು ಬೇಕ್ರಿ."

ಆಕೆ ಅಷ್ಟೇ ಹೇಳಿದ್ದು. ಅಪ್ಪನ ಬದಲಿಗೆ ಹೆಬ್ಬೆಟ್ಟು ಒತ್ತಲು ಬಂದವಳು ಆಕೆಯೇ ಎಂಬುದು ಮಾಸ್ತರರಿಗೆ ತಿಳಿಯಿತು, ಫಾರ್ಮನ್ನು ಆಕೆಯ ಮುಂದೆ ಸರಿಸಿದರು. ಪುಷ್ಪಾವತಿ ಅಲ್ಲಿಗೇ ಬಾಡಿದಳು. ನಾನು ಹದಿನೈದು ದಿನ ದೊಡ್ಡವ್ವನ ಸಂಗಡ ಮಾತು ಬಿಟ್ಟೆ. ಬೊಟ್ಟು ಕೊಡಲಿಲ್ಲ, ಒಂದು ಚಂದದ ಹೆಸರನ್ನೂ ಕೊಡಗೊಡಲಿಲ್ಲ, ಈಕೆಗೆ ನಾನು ತಿಪ್ಪೆಯಲ್ಲೇ ಇರಬೇಕು ಎಂದು ಲೆಕ್ಕ ಹಾಕಿಕೊಂಡೆ. ಡಿಗ್ರಿ ಮಾಡೇ ಮಾಡುತ್ತೇನೆ ಎಂಬ ಹಟ ಹುಟ್ಟಿದ್ದು ಆ ಹದಿನೈದು ದಿನಗಳಲ್ಲಿ. ವಿದ್ಯೆಯ ಮೇಲಿನ ಪ್ರೀತಿ ಗೀತಿ ಎಲ್ಲ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು.

ರಾಯಚೂರಿನ ಕಾಲೇಜು ಸೇರಿದಾಗ ನಮ್ಮ ಮನೆಯಲ್ಲಿ ನಾಲ್ಕನೇ ಇಯತ್ತೆ ದಾಟಿದವರು ಯಾರೂ ಇರಲಿಲ್ಲ. ಇದನ್ನು ನಾನು ಬಡಿವಾರಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ; ಬಡಿವಾರಕ್ಕೇ ಹೇಳುತ್ತಿದ್ದೇನೆ. ಹಾಸ್ಟೆಲಿನ ಒಂದು ಖೋಲಿಯಲ್ಲಿ ಆರು ಜನ, ಒಂದು ಬಲ್ಬು. ಇಂಗ್ಲಿಷ್ ಪಾಠ ನಡೆಯುವಾಗ ನಾನು ಮೇಷ್ಟ್ರ ಬಾಯಿ ನೋಡುತ್ತಿದ್ದೆ, ತುಟಿಯ ಆಕಾರದಿಂದಲಾದರೂ ತಿಳಿಯುತ್ತದೇನೋ ಎಂದು. ಮನಃಶಾಸ್ತ್ರ ಮಾತ್ರ ಹಿಡಿಸಿತು. ಅದನ್ನು ಕಲಿಸುತ್ತಿದ್ದವರು ಧಾರವಾಡ ಕಡೆಯಿಂದ ಬಂದ ಮೇಡಂ. ತೆಳ್ಳಗೆ, ಕನ್ನಡಕ, ನಕ್ಕರೆ ಮಾತ್ರ ದೊಡ್ಡ ದನಿ.

ಒಂದು ದಿನ ಮೇಡಂ ಪುಸ್ತಕ ಮುಚ್ಚಿಟ್ಟು ಕೇಳಿದರು, "ಚಂದದ್ದು ಏನರ ಕಂಡಾಗ ನಿಮಗ ಏನನಸ್ತದ? ನೋಟ್ಸ್‌ನಾಗ ಇದ್ದದ್ದು ಬ್ಯಾಡ. ಮೈಯಾಗ ಎಲ್ಲಿ, ಏನು ಆಗ್ತದ, ಅದನ್ನ ಹೇಳ್ರಿ."

ಆನಂದ ಎಂದರು ಒಬ್ಬರು. ಸಮಾಧಾನ ಎಂದರು ಇನ್ನೊಬ್ಬರು. ಮನಸ್ಸು ಹಗುರಾಗುತ್ತದೆ ಎಂದ ಒಬ್ಬ ಹುಡುಗ, ನೋಟ್ಸಿನಲ್ಲಿ ಇದ್ದದ್ದೇ ಅದು. ನನ್ನ ಸರದಿ ಬಂತು.

"ಹೆದರಿಕಿ ಆಗ್ತದ್ರಿ" ಎಂದೆ.

ಇಡೀ ವರ್ಗ ನಕ್ಕಿತು. ಮೇಡಂ ನಗಲಿಲ್ಲ. "ಎಲ್ಲಿ ಆಗ್ತದ?"

"ಹೊಟ್ಟ್ಯಾಗ್ರಿ. ಹೊಕ್ಕಳದ ಮ್ಯಾಲ."

"ಯಾಕ?"

ನಾನು ದೊಡ್ಡವ್ವನ ಡಬ್ಬಿಯ ಕಥೆ ಹೇಳಿದೆ. ಕರು, ಕುಂಬಳಕಾಯಿ, ಸೈಕಲ್ಲು, ಸಸಿಮಡಿ. ಹುಡುಗರು ಇನ್ನೂ ನಕ್ಕರು, ಆದರೆ ಈಗಿನ ನಗು ಬೇರೆ. ಅವರ ಅವ್ವಂದಿರೂ ಇಡುತ್ತಿದ್ದರಲ್ಲ. ಮೇಡಂ ಮೇಜಿನ ಮೇಲೆ ಒರಗಿ ನಿಂತು ಕೇಳಿದರು. ಕೊನೆಗೆ, "ನಿನಗೂ ಇಡ್ತಿದ್ಳಾ?" ಎಂದರು.

"ಇಲ್ರಿ."

ಅವರು ಹಾಜರಿ ಪುಸ್ತಕದ ಕಡೆ ನೋಡಿದರು. ಅಲ್ಲಿ ನನ್ನ ಹೆಸರಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತದ್ದು ನನಗೆ ನೆನಪಿದೆ. "ಇದನ್ನೆಲ್ಲ ಬರದಿಡು ತಿಪ್ಪಮ್ಮ" ಎಂದಷ್ಟೇ ಹೇಳಿದರು. ಇಡೀ ಕಾಲೇಜಿನಲ್ಲಿ ನನ್ನ ಹೆಸರನ್ನು ಮೂಗು ಮುರಿಯದೆ, ಅವಸರ ಮಾಡದೆ ಪೂರ್ತಿ ಕರೆಯುತ್ತಿದ್ದವರು ಅವರೊಬ್ಬರೇ.

ಕೊನೆಯ ವರ್ಷ ಎಲ್ಲ ಪಾಸಾದೆ, ಇಂಗ್ಲಿಷ್ ಬಿಟ್ಟು. ಅಪ್ಪ ಬೈಯಲಿಲ್ಲ. "ಇನ್ನೊಂದು ಸಲ ಬರಿ. ಒಂದಽ ಸಲ" ಎಂದ. ಆ ಒಂದರ ಆಚೆ ಏನಿದೆ ಎಂಬುದು ನನಗೆ ಗೊತ್ತಿತ್ತು. ಕವಿತಾಳದ ಕಡೆಯಿಂದ ಒಂದು ಸಂಬಂಧ ಆಗಲೇ ಎರಡು ಸಲ ಬಂದು ಚಹಾ ಕುಡಿದು ಹೋಗಿತ್ತು.

ಎರಡನೇ ಸಲ ಬರೆಯುವವರು ಹಾಲ್ ಟಿಕೆಟ್ಟಿಗೆ ಫೋಟೊ ಅಂಟಿಸಬೇಕಿತ್ತು. ರಾಯಚೂರಿನ ತೀನ್ ಕಂದೀಲು ಚೌಕದ ಹತ್ತಿರದ ಒಂದು ಸಣ್ಣ ಸ್ಟುಡಿಯೋಕ್ಕೆ ಹೋದೆ. ಫೋಟೊ ತೆಗೆಯುವವರು ಮುದುಕರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ದೀಪ ಸರಿಮಾಡುತ್ತಾ ಕೇಳಿದರು, "ಹ್ಯಾಂಗ ಬೇಕು ಬೇಟಿ? ಇದ್ದಂಗ ಬೇಕೋ, ಚಂದ ಬೇಕೋ?"

ಇಪ್ಪತ್ತೊಂದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಚಂದ" ಎಂದೆ. ತಪ್ಪು ನನ್ನದೇ.

ಚಾಚಾ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಆಡಿಸಿ ಮುಖ ತಿದ್ದುವವರು. ಅವರ ಕೈಯಲ್ಲಿ ಕಪ್ಪು ಪೆನ್ಸಿಲ್ಲು ಹೋದಲ್ಲೆಲ್ಲ ಫೋಟೊದಲ್ಲಿ ಬಿಳಿದಾಗುತ್ತದೆ. ದೊಡ್ಡವ್ವನ ವಿದ್ಯೆಯ ತದ್ವಿರುದ್ಧ. ಮೂರು ದಿನದ ಮೇಲೆ ಸಣ್ಣ ಲಕೋಟೆಯಲ್ಲಿ ಒಬ್ಬ ಬೆಳ್ಳನೆಯ ಹುಡುಗಿಯನ್ನು ಕೊಟ್ಟರು. ಮೂಗು ಸಣ್ಣದಾಗಿತ್ತು. ಹಲ್ಲು ಒಳಗೆ ಹೋಗಿತ್ತು. ಹಾಸ್ಟೆಲಿನ ಹುಡುಗಿಯರು ಕೈಯಿಂದ ಕೈಗೆ ದಾಟಿಸಿ ನೋಡಿದರು. ನಾನೂ ಇಂಗ್ಲಿಷ್ ಗೈಡಿನ ನಡುವೆ ಇಟ್ಟುಕೊಂಡು ದಿನಕ್ಕೆ ಹತ್ತು ಸಲ ನೋಡಿದೆ. ಒಂದು ವಿಚಿತ್ರ ಮಾತ್ರ ಆಗಲೇ ತಿಳಿಯಿತು. ಎಷ್ಟು ನೋಡಿದರೂ ಹೊಕ್ಕಳದ ಮೇಲೆ ಏನೂ ಆಗಲಿಲ್ಲ.

ಪರೀಕ್ಷೆಯ ದಿನ ಬಾಗಿಲಲ್ಲೇ ಮೇಲ್ವಿಚಾರಕರು ಹಾಲ್ ಟಿಕೆಟ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಟಿಕೆಟ್ ನೋಡಿದರು.

"ಯಾರ್ದಿದು ಫೋಟೊ?"

"ನಂದಽ ಸರ್."

"ನಿಂದಾ? ನಿಮ್ಮಕ್ಕಂದಾ? ಅಕಿ ಹೆಸರಿನ ಮ್ಯಾಲ ನೀ ಬರೀಲಿಕ್ಕೆ ಬಂದೀ ಏನು?"

"ಇಲ್ಲ ಸರ್, ತಿದ್ಯಾರ್ರಿ ಅದನ್ನ. ಸ್ಟುಡಿಯೋದಾಗ."

"ಇಷ್ಟು ತಿದ್ದೂ ಬದಲು ಬ್ಯಾರೇದಾಕೀನ ಕುಂಡ್ರಿಸಿ ತಗೀಬಹುದಿತ್ತಲ್ಲವಾ."

ಒಳಗೆ ಕುಳಿತವರು ನಕ್ಕರು. ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಹಂಚುವ ಸದ್ದು ಕೇಳುತ್ತಿತ್ತು, ನಾನು ಹೊರಗೆ ಪಡಸಾಲೆಯ ಕಂಬದ ಹತ್ತಿರ. ಅಪ್ಪ ಹೇಳಿದ ಆ ಒಂದು ಸಲ ಹೀಗೆ ಕಂಬ ಹಿಡಿದು ನಿಂತೇ ಮುಗಿಯುತ್ತದೆ ಎನಿಸಿತು. ಅಳು ಬರಲಿಲ್ಲ. ಚಂದ ಬೇಕು ಎಂದು ನಾನೇ ಕೇಳಿ ಪಡೆದದ್ದಕ್ಕೆ ಹೇಗೆ ಅಳುವುದು.

ಉತ್ತರಪತ್ರಿಕೆಯ ಕಟ್ಟು ಹೊತ್ತು ಮೇಡಂ ಆ ಕಡೆ ಬಂದರು. "ಏನವಾ ತಿಪ್ಪಮ್ಮ, ಹೊರಗ ನಿಂತಿ?" ಎಂದವರು ಫೋಟೊ ಇಸಿದುಕೊಂಡು ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಆಮೇಲೆ ಮೇಲ್ವಿಚಾರಕರಿಗೆ ಹೇಳಿದರು, "ಸರ್, ಫೋಟೊದಾಗಿನ ಹುಡುಗಿ ಯಾರೋ ನನಗ ಗೊತ್ತಿಲ್ಲ. ಈ ಹುಡುಗಿ ಗೊತ್ತಿದಾಳ. ಚಂದದ್ದು ಕಂಡ್ರ ಹೆದರಿಕಿ ಆಗ್ತದ ಅಂತ ಹೇಳಿದಾಕಿ, ಇಡೀ ಕಾಲೇಜಿಗೆ ಈಕಿ ಒಬ್ಬಾಕಿನ. ಎಲ್ಲಿ ಸಹಿ ಮಾಡ್ಲಿ?"

ಸಹಿ ಮಾಡಿದರು. ಒಳಗೆ ಹೋಗಿ ಕುಳಿತಾಗ ಹತ್ತು ನಿಮಿಷ ಕಳೆದಿತ್ತು. ಆ ಹತ್ತು ನಿಮಿಷದಲ್ಲಿ ಬರೆಯಬಹುದಾಗಿದ್ದ ಉತ್ತರ ಹೇಗೂ ನನಗೆ ಗೊತ್ತಿರಲಿಲ್ಲ. ಆದರೂ ಪಾಸಾದೆ. ಬರೀ ಪಾಸು. ಅದೂ ಸಾಕು.

ಸರ್ಟಿಫಿಕೇಟು ಬರಲು ಮತ್ತೊಂದು ವರ್ಷ ಹಿಡಿಯಿತು. ಆಗ ನಾನು ಗಿಲ್ಲೆಸುಗೂರಿನ ಒಂದು ಶಾಲೆಯಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಕವಿತಾಳದವರು ಬೇರೆ ಕಡೆ ಚಹಾ ಕುಡಿದು ಮದುವೆ ಮಾಡಿಕೊಂಡಿದ್ದರು. ಸರ್ಟಿಫಿಕೇಟು ಬಂದಿದೆ ಎಂದು ತಿಳಿದು ಕಾಲೇಜಿನ ಆಫೀಸಿಗೆ ಹೋದೆ. ಗುಮಾಸ್ತರು ಕಿಟಕಿಯಿಂದ ದಪ್ಪ ಕಾಗದ ಚಾಚಿದರು. ಈಗಿನ ಹಾಗೆ ಕಂಪ್ಯೂಟರ್ ಅಕ್ಷರ ಅಲ್ಲ. ಸುತ್ತ ಬಳ್ಳಿಯ ಅಂಚು, ಕೆಳಗೆ ಬಂಗಾರ ಬಣ್ಣದ ಮುದ್ರೆ, ನಡುವೆ ಯಾರೋ ಅಗಲ ನಿಬ್ಬಿನ ಲೇಖನಿಯಿಂದ ಕೈಯಾರೆ ಹೆಸರು ಬರೆದಿದ್ದರು. ತಿಪ್ಪಮ್ಮ. ಆ ಮನುಷ್ಯ ನನ್ನನ್ನು ನೋಡಿದವನಲ್ಲ, ಹೆಸರಿಗೆ ನಕ್ಕವನೂ ಅಲ್ಲ. ರತ್ನ ಎಂದು ಬರೆಯುವಾಗ ಎಷ್ಟು ಲಕ್ಷ್ಯ ಕೊಡುತ್ತಿದ್ದನೋ ಅಷ್ಟೇ ಲಕ್ಷ್ಯ ಕೊಟ್ಟು ಬರೆದಿದ್ದ. ಸುಳಿ ಎತ್ತುವಲ್ಲಿ ಎತ್ತಿ, ಇಳಿಸುವಲ್ಲಿ ಇಳಿಸಿ, ಶಾಯಿ ದಟ್ಟವಾಗಬೇಕಾದಲ್ಲಿ ಕೈ ಭಾರ ಬಿಟ್ಟು.

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಹೊಕ್ಕಳದ ಮೇಲೆ, ಅದೇ ಜಾಗದಲ್ಲಿ, ಆ ಹೆದರಿಕೆ ಬಂತು.

ಎಲ್ಲರಿಗಿಂತ ಮೊದಲು ಅವ್ವ ಅಪ್ಪನಿಗೆ ತೋರಿಸಬೇಕಾಗಿತ್ತು. ಆದರೆ ನಾನು ಹತ್ತಿದ್ದು ದೇವದುರ್ಗದ ಬಸ್ಸು. ಶಾಂತಿಯನ್ನು ಅಲ್ಲಿಗೆ ಕೊಟ್ಟಿದ್ದರು. ಆಕೆಯ ಬಾಣಂತನಕ್ಕೆ ದೊಡ್ಡವ್ವ ಅಲ್ಲೇ ಇದ್ದಳು. ಗಬ್ಬೂರು ದಾಟುವವರೆಗೂ ಕಾಗದವನ್ನು ಎದೆಗೆ ಅವಚಿಕೊಂಡು ಕುಳಿತಿದ್ದೆ. ಹೋಗಿ ಆಕೆಯ ಮುಂದೆ ಒಗೆಯಬೇಕು, ನೋಡು ನಿನ್ನ ತಿಪ್ಪೆಯ ಕೂಸು ಎಂದು ಹೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಹದಿನೈದು ವರ್ಷದ ಮಾತು.

ದೊಡ್ಡವ್ವ ಹಿತ್ತಲಲ್ಲಿ ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದು ಮುಗಿಸಿದ್ದಳು. ಕೂಸಿನ ಕೆನ್ನೆಯ ಮೇಲೆ ಆಗತಾನೇ ಇಟ್ಟ ಬೊಟ್ಟು. ನನ್ನನ್ನು ನೋಡಿ, "ಬಂದಳು ನೋಡು ಕರಿಯವ್ವ. ಮಾಸ್ತರಿಕಿ ಮಾಡಿ ಮಾಡಿ ಇನ್ನಷ್ಟು ಸುಟ್ಟೀಯಲ್ಲಬೇ" ಎಂದಳು. ಶಾಂತಿ ಒಳಗಿನಿಂದಲೇ ಕೂಗಿದಳು, "ಯವ್ವಾ, ಅಕಿ ಕುಂಡ್ರೂತನಕಾದ್ರೂ ತಡಿಬೇ."

ಜೋಡಿಸಿದ ಮಾತೆಲ್ಲ ಬಸ್ಸಿನಲ್ಲೇ ಉಳಿಯಿತು. ಕಾಗದವನ್ನು ಆಕೆಯ ಕೈಗೆ ಕೊಟ್ಟೆ.

ಓದಲು ಬಾರದವರು ಕಾಗದವನ್ನು ನೋಡುವ ರೀತಿ ಬೇರೆ. ನಾವು ನಡುವಿನಿಂದ ಶುರುಮಾಡುತ್ತೇವೆ, ಅವರು ಅಂಚಿನಿಂದ. ದೊಡ್ಡವ್ವ ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ಬಳ್ಳಿಯ ಮೇಲೆ ಕಣ್ಣಾಡಿಸಿದಳು, ಮುದ್ರೆ ಮುಟ್ಟಿ ನೋಡಿದಳು, ಕಾಗದ ಎಷ್ಟು ದಪ್ಪ ಇದೆ ಎಂದು ಬೆರಳಲ್ಲಿ ತಿಕ್ಕಿದಳು. "ಹೂಂ, ಅದ" ಎಂದಳು. ಆಮೇಲೆ,

"ಇದರಾಗ ನಿನ್ನ ಹೆಸರು ಎಲ್ಲಿ ಅದ?"

ಆಕೆಯ ಬೆರಳು ಹಿಡಿದು ಅಲ್ಲಿ ಇಟ್ಟೆ.

"ಇದಾ? ತಿಪ್ಪಮ್ಮ ಅಂದ್ರ ಹಿಂಗ ಇರ್ತದಾ?"

"ಹೂಂ."

ಬೆರಳು ಆ ಸುಳಿಗಳ ಮೇಲೆ ನಿಧಾನವಾಗಿ ಹೋಯಿತು, ತಿರುಗಿ ಬಂತು. ಸಸಿಮಡಿಯ ಬದುವಿನ ಮೇಲೆ ನಿಂತಿದ್ದಾಗ ಇದ್ದದ್ದೇ ಮುಖ. ನನಗೆ ಅದು ಗುರುತಾಯಿತು, ಗುರುತಾದದ್ದೇ ಗಾಬರಿಯಾಯಿತು. ಆಕೆಯ ಕೈ ಸೊಂಟಕ್ಕೆ ಹೋಗಿ ಡಬ್ಬಿ ತೆಗೆಯಿತು, ಉಂಗುರ ಬೆರಳು ಕಪ್ಪಾಯಿತು.

ನಾನು ಕಾಗದ ಕಸಿದುಕೊಂಡೆ. "ದೊಡ್ಡವ್ವಾ, ಕಾಗದಕ್ಕ ಹಚ್ಚಬ್ಯಾಡಬೇ. ನೌಕರಿಗೆ ತೋರಸಬೇಕು ಅದನ್ನ."

"ಕಾಗದಕ್ಕ ಯಾರು ಹಚ್ಚತಾರ" ಎಂದು ಆಕೆ ಇನ್ನೊಂದು ಕೈಯಿಂದ ನನ್ನ ಗದ್ದ ಹಿಡಿದಳು. "ರತ್ನ ಅಂತ ಕರದ್ವಿ, ಹೋತು. ಮಾಣಿಕ್ಯ ಅಂತ ಕರದ್ವಿ, ಅದೂ ಹೋತು. ನಿನಗೊಂದು ಹೊಲಸು ಹೆಸರಿಟ್ಟು, ದಿನಾ ನಾಕು ಮಂದಿ ಮುಂದ ಬೈದು ಬೈದು ಇಷ್ಟು ದಿನ ಉಳಿಸಿಕೊಂಡು ಬಂದೆ. ಈಗ ಯಾವನೋ ಅದನ್ನ ಇಷ್ಟು ಚಂದ ಮಾಡಿ ಬರದುಬಿಟ್ಟಾನ. ಇನ್ನ ಅದು ನಿನ್ನ ಕಾಯೂದಿಲ್ಲ ಬೇ. ಹೂಂ, ಗಲ್ಲ ಈ ಕಡಿ ತಿರುಗಿಸು."